ವೈಕುಂಠ ಸಾಹಾನ ತಲೆಕ್ಷೌರ

ಇಪ್ಪತ್ತೊಂಬತ್ತು ದಿನ ಬರಿಗಾಲಲ್ಲಿ ತಿರುಗಿ, ಮುಖದ ತುಂಬ ಗಡ್ಡ ಬಿಟ್ಟುಕೊಂಡು, ಸೂತಕದ ಬಟ್ಟೆಯಲ್ಲಿ ವೈಕುಂಠ ಸಾಹಾ ಅಂಗಳಕ್ಕೆ ಬಂದು ನಿಂತಾಗ ನಾವಿದ ನಫರನಿಗೆ ಮೊದಲು ಆದದ್ದು ಸಂತೋಷ. ಅದನ್ನು ಮುಚ್ಚಿಡುವ ಜಾಯಮಾನ ಅವನದಲ್ಲ. ಸಾಣೆಕಲ್ಲಿನ ಮೇಲೆ ಕತ್ತಿ ಎಳೆಯುತ್ತಲೇ ಇದ್ದ, ಕೂರು ಎನ್ನಲಿಲ್ಲ.

“ನಾಳೆಗೆ ಮೂವತ್ತು ದಿನ,” ಎಂದ ವೈಕುಂಠ. “ತಲೆ ಬೋಳಿಸದಿದ್ರೆ ಸೂತಕ ಹೋಗಲ್ಲ. ಸೂತಕ ಹೋಗದಿದ್ರೆ ಪುರೋಹಿತರು ಅಮ್ಮನ ಪಿಂಡಕ್ಕೆ ಕೈ ಹಾಕಲ್ಲಂತೆ.”

“ಕರೆಸ್ಕೋ ನಿನ್ನ ಸಾಹೇಬನ್ನ. ನಮ್ಮ ನಾಡನ್ನೇ ಸೌದೆ ಹಾಗೆ ಎರಡು ಸೀಳು ಮಾಡಿದವನಿಗೆ ನಿನ್ನ ತಲೆಕೂದಲು ಯಾವ ಮಹಾ?”

“ಪಕ್ಕದೂರಿಂದ ಒಬ್ಬನ್ನ ಕರೆಸಿದ್ದೆ. ನಿಮ್ಮ ಹುಡುಗರು ದೋಣೀನೇ ವಾಪಸ್ ತಳ್ಳಿದ್ರು.”

“ಒಳ್ಳೇ ಹುಡುಗರು.”

ಹಿಂದೆ ಇದೇ ನಫರ ‘ಸಾಹಾಬಾಬು, ನೀವು’ ಎಂದು ಬಾಗುತ್ತಿದ್ದವನು. ಸರಕಾರ ಬಂಗಾಳವನ್ನು ಎರಡು ಮಾಡಿದ ಆಶ್ವಿನದ ಆ ದಿನ, ಪ್ರತಿಭಟನೆಗೆಂದು ಶಿಮುಲಗಂಜದ ಯಾವ ಮನೆಯಲ್ಲೂ ಒಲೆ ಹೊತ್ತಲಿಲ್ಲ. ಅಂದೇ ಕಾಳಿಯ ಗುಡಿಯಲ್ಲಿ ನಾವಿದರು, ಅಗಸರು ಆಣೆ ಹಾಕಿದರು: ವಿಲಾಯತಿ ಬಟ್ಟೆ ಮಾರುವವನ ತಲೆಗೆ ಕತ್ತಿ ಸೋಕಿಸುವುದಿಲ್ಲ, ಅವನ ಬಟ್ಟೆ ಒಗೆಯುವುದಿಲ್ಲ. ವೈಕುಂಠ ಮಾತ್ರ ಮ್ಯಾಂಚೆಸ್ಟರಿನ ಬಟ್ಟೆಯ ಬೇಲುಗಳನ್ನು ಬಿಚ್ಚುತ್ತಲೇ ಹೋದ. ಪೌಷ ಮಾಸದಲ್ಲಿ ಅವನ ಅಂಗಡಿಯ ಬಾಗಿಲಿಗೆ ಅಡ್ಡ ಮಲಗಿದವನು ನಫರನ ಮಗ ಗೋಕುಲ. ‘ಇವನೇ ಮುಂದಾಳು’ ಎಂದು ಪೊಲೀಸರಿಗೆ ಬೆರಳು ತೋರಿಸಿದವನು ವೈಕುಂಠ. ಲಾಠಿ ಬಿದ್ದದ್ದು ಬಲ ಮಣಿಕಟ್ಟಿನ ಮೇಲೆ. ಮೂಳೆ ಸೊಟ್ಟಗೇ ಕೂಡಿಕೊಂಡಿತು. ನಾವಿದನ ಮಗನಿಗೆ ಬಲಗೈಯೇ ಹೋದರೆ ಇನ್ನೇನು ಉಳಿಯುತ್ತದೆ?

ಈಗ ಗೋಕುಲ ಜಗಲಿಯ ಮೇಲೆ ಕೂತು ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ವೈಕುಂಠ ಅತ್ತ ಒಮ್ಮೆಯೂ ನೋಡಲಿಲ್ಲ. ಅದೇ ನಫರನ ಹೊಟ್ಟೆ ಉರಿಸಿದ್ದು.

“ನನ್ನ ಕುತ್ತಿಗೆ ಬೇಕಾದ್ರೆ ಕೊಯ್ಯಿ ನಫರ. ಮೊದಲು ತಲೆ ಬೋಳಿಸು.”

“ಬೇಲೆಲ್ಲ ಸುಡ್ತೀಯಾ?”

ವೈಕುಂಠ ಸೊಂಟದಲ್ಲಿದ್ದ ಅಂಗಡಿಯ ಬೀಗದಕೈ ಮುಟ್ಟಿ ನೋಡಿಕೊಂಡ.

“ತಾಯಿ ಪ್ರೇತವಾಗಿ ಅಲೀಲಿ, ಗಂಟು ಮಾತ್ರ ಕರಗಬಾರದು! ಹೊರಡು, ಅಂಗಳ ಮೈಲಿಗೆ ಮಾಡ್ಬೇಡ.”

ಅವನನ್ನು ಓಡಿಸಿದ್ದಾಯಿತು. ಆದರೆ ಅವನ ಸತ್ತ ತಾಯಿ, ಮುದುಕಿ ಮೋಕ್ಷದಾಳನ್ನು ಮನಸ್ಸಿನಿಂದ ಓಡಿಸುವುದು ಹೇಗೆ? ಗೋಕುಲನ ಕೈ ಮುರಿದ ಸಂಜೆ ಸುಣ್ಣ ಅರಿಶಿನ ಹಿಡಿದು ಬಂದವಳು ಅವಳೊಬ್ಬಳೇ. ಹಡೆದ ಮಗನಿಗೆ ಹಿಡಿಶಾಪ ಹಾಕುತ್ತಲೇ ಪಟ್ಟು ಕಟ್ಟಿದಳು. ಅಂದಿನಿಂದ ಮಗನ ಒಲೆಯ ಅನ್ನ ಬಿಟ್ಟು, ಹಿತ್ತಲಲ್ಲಿ ಮೂರು ಕಲ್ಲು ಹೂಡಿ ತಾನೇ ಬೇಯಿಸಿಕೊಂಡಳು. ಸಾಯುವ ಮುಂಚೆ ಹೇಳಿಕಳಿಸಿ, ನಫರನ ಕೈ ಹಿಡಿದು ಹೇಳಿದ್ದಳು: “ಅವನನ್ನ ಕ್ಷಮಿಸು ಅನ್ನಲ್ಲ ಕಣಪ್ಪ. ನನ್ನನ್ನ ಅಲೆಸಬೇಡ.”

ಮರುದಿನ ಬೆಳಗ್ಗೆ ಊರಿನ ಸ್ವದೇಶಿ ಸಮಿತಿಯ ಅಧ್ಯಕ್ಷ ದೀನನಾಥ ವಕೀಲರ ಗಡ್ಡಕ್ಕೆ ನೀರು ಹಚ್ಚುವಾಗ ನಫರ ಮಾತು ತೆಗೆದ. ವಕೀಲರ ಮನೆಯ ಜಗಲಿ ಕಾಲುವೆಯ ದಂಡೆಗೇ ಇತ್ತು.

“ಇದೊಂದು ಸಲ ಅಪ್ಪಣೆ ಕೊಡಿ ಬಾಬು. ಮಗನಿಗೋಸ್ಕರ ಅಲ್ಲ, ಸತ್ತವಳಿಗೋಸ್ಕರ.”

“ಸಾಧ್ಯವೇ ಇಲ್ಲ,” ಎಂದರು ವಕೀಲರು, ಕೆನ್ನೆ ಒಡ್ಡಿಕೊಂಡೇ. “ಒಬ್ಬಳು ತಾಯಿ ದೊಡ್ಡವಳೋ, ದೇಶಮಾತೆ ದೊಡ್ಡವಳೋ? ಇವತ್ತು ಸಡಿಲ ಬಿಟ್ರೆ ನಾಳೆ ಎಲ್ಲ ವರ್ತಕರೂ ಒಬ್ಬೊಬ್ಬ ತಾಯಿಯನ್ನ ಸಾಯಿಸ್ಕೊಂಡು ಬರ್ತಾರೆ.”

ತಮ್ಮ ಮಾತಿಗೆ ತಾವೇ ನಕ್ಕರು. ನಫರನ ಕತ್ತಿ ಎಡಗೆನ್ನೆ ಮುಗಿಸಿ ಗದ್ದದ ಹತ್ತಿರ ನಿಂತಿತು.

“ಬಾಬು, ಮೈಗೆ ವಿಲಾಯತಿ ವಸ್ತು ಸೋಕಿಸಲ್ಲ ಅಂತ ಗುಡೀಲಿ ನೀವೂ ಆಣೆ ಹಾಕಿದ್ರಿ.”

“ಹಾಕಿದೀನಿ. ನೋಡು, ಉಟ್ಟಿರೋದು ಕೈಮಗ್ಗದ್ದು.”

“ಮತ್ತೆ ಇದು?” ನಫರ ಅಲಗನ್ನು ತಿರುಗಿಸಿ ಬುಡದ ಇಂಗ್ಲಿಷ್ ಮುದ್ರೆ ತೋರಿಸಿದ.

ವಕೀಲರಿಗೆ ಅದು ಗೊತ್ತಿಲ್ಲದ್ದೇನಲ್ಲ. ಸಮಿತಿಯವರೇ ಕಮ್ಮಾರನಿಂದ ಒಂದು ಸ್ವದೇಶಿ ಕತ್ತಿ ಮಾಡಿಸಿ, ಹೂಮಾಲೆ ಹಾಕಿ ನಫರನಿಗೆ ಕೊಟ್ಟಿದ್ದರು. ಮೊದಲ ದಿನ ವಕೀಲರ ಕೆನ್ನೆ ಮೂರು ಕಡೆ ಕಿತ್ತುಬಂತು. ‘ನಾಳೆಯಿಂದ ಹಳೇದೇ ಇರಲಿ’ ಎಂದಿದ್ದರು. ಆ ಹೊಸ ಕತ್ತಿ ಅಂದಿನಿಂದ ಪೆಟ್ಟಿಗೆಯ ತಳದಲ್ಲಿ ತುಕ್ಕು ಹಿಡಿಯುತ್ತ ಬಿದ್ದಿತ್ತು.

“ಅದು ಬೇರೆ ವಿಷಯ,” ಎಂದರು ವಕೀಲರು. “ಬಾಯಿ ಮುಚ್ಚಿ ಕೆಲಸ ಮುಗಿಸು.”

ನಫರ ಎದ್ದ. ಅಪ್ಪನ ಕಾಲದ ಆ ಕತ್ತಿಯನ್ನು ಮಡಿಸಿ, ಕಾಲುವೆಯ ನಡುವಿಗೆ ಬೀಸಿ ಎಸೆದ.

“ನನ್ನ ಆಣೆ ಇವತ್ತು ಮುರಿಯುತ್ತೆ ಬಾಬು. ನಿಮ್ಮದು ದಿನಾ ಬೆಳಗ್ಗೆ ಮುರೀತಿತ್ತು.”

“ಏಯ್! ಅರ್ಧ ಮುಖಕ್ಕೇ ಬಿಟ್ಟು ಹೋಗ್ತೀಯಾ? ಊರಲ್ಲಿ ಬದುಕೋಕೆ ಬಿಡಲ್ಲ ನಿನ್ನ!”

ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ಒರಟಾಗಿ ವಕೀಲರು ಜಗಲಿಯಲ್ಲಿ ಕೂಗಾಡುತ್ತಿದ್ದರು. ಬೇರೆ ದಿನವಾಗಿದ್ದರೆ ನಫರ ನಗುತ್ತಿದ್ದ.

ಮನೆಗೆ ಬಂದು ಪೆಟ್ಟಿಗೆಯ ತಳ ಕೆದಕಿದ. ಗೋಕುಲ ಎದ್ದು ನಿಂತ. “ಅವನ ತಲೆಗಾ ಅಪ್ಪಾ? ನನ್ನ ಕೈ ಮುರಿಸಿದವನ ತಲೆಗಾ?”

“ನಿನ್ನ ಕೈಗೆ ಪಟ್ಟು ಕಟ್ಟಿದವಳ ಮಗನ ತಲೆಗೆ. ಬಾ, ನೀನೂ ನೋಡು.”

ತಲೆ ಬೋಳಿಸುವವರಿಲ್ಲದೆ ವೈಕುಂಠ ಏನು ಮಾಡುತ್ತಾನೋ ನೋಡಲು ಸ್ನಾನಘಟ್ಟದಲ್ಲಿ ಊರೇ ನೆರೆದಿತ್ತು. ಪುರೋಹಿತರು ದೂರ ನಿಂತಿದ್ದರು. ನಫರ ಬಂದದ್ದು ಕಂಡು ವೈಕುಂಠ ಮೆಟ್ಟಿಲ ಮೇಲೆ ಕೂತು ತಲೆ ಬಗ್ಗಿಸಿದ. ನಫರ ನೀರು ಚಿಮುಕಿಸಿ ಕಮ್ಮಾರನ ಕತ್ತಿ ಇಟ್ಟ. ಅದು ಕೂದಲು ಕತ್ತರಿಸಲಿಲ್ಲ, ಬೇರುಸಮೇತ ಕಿತ್ತಿತು. ಎರಡನೆಯ ಎಳೆತಕ್ಕೆ ರಕ್ತ ಬಂತು.

“ಉರಿಯುತ್ತಾ?”

“ಎಳಿ.”

ನಫರ ಎಳೆದ. ಮೆತ್ತಗೆ ಎಳೆಯುವುದು ಅವನಿಗೆ ಗೊತ್ತಿತ್ತು, ಹಾಗೆ ಎಳೆಯಲಿಲ್ಲ. ಬಿಟ್ಟುಹೋಗಲೂ ಇಲ್ಲ, ಒಂದೇ ಒಂದು ಕೂದಲನ್ನೂ ಉಳಿಸಲಿಲ್ಲ. ರಕ್ತ ಹುಬ್ಬಿನಿಂದಿಳಿದು ಸೂತಕದ ಬಟ್ಟೆಗೆ ತೊಟ್ಟಿಕ್ಕಿತು. ವೈಕುಂಠ ಹಲ್ಲು ಕಚ್ಚಿ ಕೂತಿದ್ದ. ಒಮ್ಮೆಯೂ ಅಮ್ಮಾ ಎನ್ನಲಿಲ್ಲ.

“ಮುಗೀತಾ?”

“ನಿನ್ನಮ್ಮಂದು ಮುಗೀತು.”

ವೈಕುಂಠ ಕಣ್ಣಿಗಿಳಿದ ರಕ್ತ ಒರೆಸಿಕೊಂಡು ಮೊದಲ ಸಲ ಗೋಕುಲನ ಕೈಯತ್ತ ನೋಡಿದ. “ಅವಂದು?”

“ಅದು ಮುಗಿಯೋದಲ್ಲ.”

ಪದ್ಧತಿಯಂತೆ ವೈಕುಂಠ ನಾವಿದನಿಗೆಂದು ತಂದಿದ್ದ ಹೊಸ ಧೋತಿ ಚಾಚಿದ. ಅಂಗಡಿಯದೇ, ಬಂಗಾರದ ಬಣ್ಣದ ವಿಲಾಯತಿ ಚೀಟಿ ಇನ್ನೂ ಅಂಟಿಕೊಂಡಿತ್ತು. ಅವನಿಗೆ ಬೇರೆ ಬಟ್ಟೆ ಹೊಳೆಯಲೇ ಇಲ್ಲ! ನಫರ ಅದನ್ನು ತೆಗೆದುಕೊಂಡು ಕತ್ತಿಗೆ ಮೆತ್ತಿದ ರಕ್ತವನ್ನೂ ಕೂದಲನ್ನೂ ಒರೆಸಿ ಅವನ ತೊಡೆಯ ಮೇಲೆ ಹಾಕಿದ.

ಘಟ್ಟದ ಮೇಲೆ ಸಮಿತಿಯ ಹುಡುಗರು ಬಂದು ನಿಂತಿದ್ದರು. ಇನ್ನು ತನ್ನ ಮನೆಗೂ ಅಗಸ ಬರುವುದಿಲ್ಲ, ತನ್ನ ಮುಂದೆಯೂ ಯಾರೂ ತಲೆ ಒಡ್ಡುವುದಿಲ್ಲ ಎಂದು ಅವರ ಮುಖ ನೋಡಿಯೇ ನಫರನಿಗೆ ತಿಳಿಯಿತು. ಪೆಟ್ಟಿಗೆ ಬಗಲಿಗಿಟ್ಟುಕೊಂಡ.

“ನೀನು ಸತ್ತಾಗ ನಿನ್ನ ಮಗ ನನ್ನ ಹತ್ರಾನೇ ಬರಲಿ ವೈಕುಂಠ,” ಎಂದ. “ಅವನು ನನಗೇನೂ ಮಾಡಿಲ್ಲ. ಅಷ್ಟರಲ್ಲಿ ಈ ಕತ್ತೀನ ಚೆನ್ನಾಗಿ ಮಸೆದಿಟ್ಟಿರ್ತೀನಿ.”