ಆರನೆಯ ಕತ್ತಿ

"ಆ ಮನುಷ್ಯ ನಮ್ಮಪ್ಪನ ಶವಪೆಟ್ಟಿಗೆ ಮುಂದೆ ಹೆಜ್ಜೆ ಹಾಕ್ಕೂಡ್ದು, ಅಷ್ಟೇ!" ಎನ್ನುತ್ತ ಹಿಲರಿ ಕತ್ತಿಗಳ ಕಟ್ಟನ್ನು ಚರ್ಚಿನ ಗೋಡೆಗೆ ಒರಗಿಸಿದಳು.

ಗೇಟಿನಾಚೆ ಕೀತ್ ವೆದರಿಲ್ ನಿಂತಿದ್ದ. ಎಪ್ಪತ್ತಾರು ವರ್ಷ. ಪ್ರಾರ್ಥನೆಗೂ ಒಳಗೆ ಬಂದಿರಲಿಲ್ಲ.

"ಹಾಗಾದ್ರೆ ಐದೇ ಜನ ಕುಣೀತೀರೇನೆ?" ತಾಯಿ ಮಾವಿಸ್ ಕೇಳಿದಳು.

ಪೆಟ್ಟಿಗೆಯ ಸುತ್ತ ಕುಣಿಯಬೇಕಿದ್ದ, ಗಣಿಗಾರರ ಹಳೆಯ ಕತ್ತಿ ಕುಣಿತ ಅದು; ಆರು ಜನ ಬೇಕು. ಬಲಗೈಯಲ್ಲಿ ತನ್ನ ಮೊಂಡು ಕತ್ತಿಯ ಹಿಡಿ, ಎಡಗೈಯಲ್ಲಿ ಪಕ್ಕದವರ ಕತ್ತಿಯ ತುದಿ. ಒಬ್ಬರು ಕೈಬಿಟ್ಟರೂ ಸುತ್ತು ಹರಿದುಹೋಗುತ್ತದೆ. ಆರನೆಯವಳು ಅಂದು ಬೆಳಿಗ್ಗೆ ಹೆಪ್ಪುಗಟ್ಟಿದ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಿದ್ದಳು. ಊರಿನಲ್ಲಿ ಈ ಕುಣಿತ ಬಲ್ಲವನು ಇನ್ನೊಬ್ಬನೇ. ಅವನು ಗೇಟಿನಾಚೆ ಇದ್ದ.

"ಹೊರಡೋಕೆ ಹತ್ತೇ ನಿಮಿಷ ಅಮ್ಮಾ," ಎಂದ ಶವದ ಗಾಡಿಯವನು.

*

ಮೂವತ್ತೈದು ವರ್ಷಗಳ ಹಿಂದೆ. ಗಣಿ ಮುಚ್ಚಿ ಬಹಳ ಕಾಲವಾಗಿತ್ತು, ಕುಣಿಯಲು ಹುಡುಗರು ಬರುತ್ತಿರಲಿಲ್ಲ. ಬಸ್ಸು ಓಡಿಸುತ್ತಿದ್ದ ಹಿಲರಿಯ ಅಪ್ಪ ರೋಲಂಡ್ ಗ್ಯಾರ್ಬಟ್ ಪ್ರತಿ ಮಂಗಳವಾರ ಸಮವಸ್ತ್ರದಲ್ಲೇ ಬಂದು ಶಾಲೆಯ ಸಭಾಂಗಣದ ಬಾಗಿಲು ತೆಗೆದು, ಕುರ್ಚಿ ಸರಿಸಿ ಕಾಯುತ್ತಿದ್ದ. ಕೆಲವು ವಾರ ಕೀತ್ ಒಬ್ಬನೇ ಬರುತ್ತಿದ್ದ. ಒಂದು ಮಂಗಳವಾರ ರೋಲಂಡ್ ತನ್ನ ಮಗಳನ್ನೂ ಅವಳ ಮೂವರು ಗೆಳತಿಯರನ್ನೂ ಸಾಲಾಗಿ ನಿಲ್ಲಿಸಿದ.

"ಏನೋ ರೋಲಿ ಇದು? ನಮ್ಮಜ್ಜಂದಿರು ಗಣಿಯಿಂದ ಎದ್ದು ಬಂದು ಕುಣಿದದ್ದು. ಲಂಗದೋರ ಕೈಗೆ ಕೊಡ್ತೀಯಾ?" ಎಂದ ಕೀತ್.

"ಗಂಡಸ್ರನ್ನ ಕರ್ಕೊಂಡ್ ಬಾ. ಇವತ್ತೇ ಇವರನ್ನ ಮನೆಗೆ ಕಳಿಸ್ತೀನಿ."

ಕೀತ್ ಎಸೆದ ಕತ್ತಿ ಹನ್ನೊಂದು ವರ್ಷದ ಹಿಲರಿಯ ಕಾಲ ಪಕ್ಕದಲ್ಲೇ ಬಿತ್ತು. ರೋಲಂಡ್ ಅದನ್ನೆತ್ತಿ ಮಗಳ ಕೈಗಿಟ್ಟ. "ನಡೀ, ಮೊದಲಿಂದ."

ಆಮೇಲೆ ಅವನು ಬಾಗಿಲು ತೆಗೆಯದ ಮಂಗಳವಾರವೇ ಇಲ್ಲ. ಕೀತ್ ಮಾತ್ರ ರೋಲಂಡನ ಬಸ್ಸು ಬಂದರೆ ಹತ್ತದೆ, ಚಳಿಯಲ್ಲಿ ನಿಂತು ಮುಂದಿನದಕ್ಕೆ ಕಾಯುತ್ತಿದ್ದ.

*

ಮಾವಿಸ್ ತಾನೇ ಗೇಟಿನ ಬಳಿಗೆ ಹೋದಳು.

"ಬರ್ತೀಯೋ, ಇಲ್ಲಾ ಇದನ್ನೂ ಅವನ ಬಸ್ಸು ಅಂತ ಬಿಟ್ಬಿಡ್ತೀಯೋ?"

ಕೀತ್ ಗೇಟು ತಳ್ಳಿದ. ಒಳಗೆ ಬಂದ. ಹಿಲರಿ ಮುಖ ನೋಡದೆ ಕತ್ತಿ ಚಾಚಿದಳು.

"ಅಪ್ಪ ಕಡೇ ಸುತ್ತು ಬದಲಾಯಿಸಿದಾರೆ. ನೀವು ತಪ್ಪಿದ್ರೆ ನಾವು ನಿಲ್ಸಲ್ಲ."

"ನಿಲ್ಲಿಸ್ಬೇಡ."

ಪಿಟೀಲು ಶುರುವಾಯಿತು. ಅಂಗಳದ ನಡುವೆ ಪೆಟ್ಟಿಗೆ, ಅದರ ಸುತ್ತ ಆರು ಜನ. ಮೂರು ಸುತ್ತು ಸರಾಗವಾಗಿ ಹೋಯಿತು. ಕಡೆಯ ಸುತ್ತಿನಲ್ಲಿ ಕೀತ್ ಹಳೆಯ ರೂಢಿಯಂತೆ ಎಡಕ್ಕೆ ತಿರುಗಿದ. ಕತ್ತಿಗಳು ಒಂದಕ್ಕೊಂದು ಸಿಕ್ಕಿ ಜಗ್ಗಿದವು. ಅವನ ಮಣಿಕಟ್ಟು ತಿರುಚಿತು. ಜನರಲ್ಲಿ ಯಾರೋ ಉಸಿರೆಳೆದುಕೊಂಡರು.

"ಕೈ ಬಿಡ್ಬೇಡಿ!" ಹಿಲರಿ ಹಲ್ಲು ಕಚ್ಚಿ ಹೇಳಿದಳು. "ಕೆಳಗೆ ನುಸುಳಿ. ನನ್ನ ಕತ್ತಿ ಕೆಳಗೆ!"

ಕೀತ್ ಬಗ್ಗಿದ. ಮಂಡಿ ಹಾಸುಗಲ್ಲಿಗೆ ಬಡಿಯಿತು. ಎರಡೂ ಕೈ ಬಿಡದೆ, ಹೇಗೋ ಆಚೆ ಎದ್ದ. ಆರು ಕತ್ತಿಗಳು ಹೆಣೆದು ನಕ್ಷತ್ರವಾದವು. ಹಿಲರಿ ಅದನ್ನು ಒಂದೇ ಕೈಯಲ್ಲಿ ತಲೆಯ ಮೇಲೆತ್ತಿದಳು. ಪಿಟೀಲು ನಿಂತಿತು.

ಅವಳು ನಕ್ಷತ್ರವನ್ನು ಬಿಚ್ಚದೆ ಪೆಟ್ಟಿಗೆಯ ಮೇಲಿಟ್ಟಳು. ಪೆಟ್ಟಿಗೆ ಗಾಡಿಗೇರಿತು; ಜನ ಅದರ ಹಿಂದೆ ನಡೆದರು. ಷರಾಯಿಯ ಮಂಡಿ ಹರಿದ ಕೀತ್ ಅಂಗಳದ ನಡುವೆ ಹಾಗೇ ನಿಂತಿದ್ದ. ಖಾಲಿ ಕೈಗಳು ಎರಡೂ ಪಕ್ಕಕ್ಕೆ ಚಾಚಿದ್ದವು; ಬೆರಳುಗಳಿನ್ನೂ ಕತ್ತಿ ಹಿಡಿದಂತೆ ಬಿಗಿಯಾಗಿ ಮಡಿಚಿಕೊಂಡೇ ಇದ್ದವು.