ಕೊಕ್ಕಿಲ್ಲದ ಗಿಳಿ

ಕಾಡಪ್ಪನ ಕೈ ಅವನ ಬಾಯಿಗಿಂತ ಮೊದಲು ಮಾತಾಡುತ್ತಿತ್ತು. ಬೈಲಹೊಂಗಲ ಬಸ್ ಸ್ಟ್ಯಾಂಡಿನ ಹೊರಗೆ ನೇಸರಗಿ ಕಡೆ ಹೋಗುವ ಟ್ರ್ಯಾಕ್ಸ್ ಗಾಡಿಗಳ ಸಾಲಿನಲ್ಲಿ ಅವನ ಪಾಳಿ ತಪ್ಪಿಸಿದವರಿಗೆ, ಅವನ ಸೀಟಿನ ಮಂದಿಯನ್ನು ಕರೆದು ಕೂರಿಸಿಕೊಂಡವರಿಗೆ, ಸುಮ್ಮನೆ ನಕ್ಕವರಿಗೂ ಆ ಕೈಯ ರುಚಿ ಗೊತ್ತಿತ್ತು. ಹೊಡೆದ ಮೇಲೆ ಅವನೇ ಕರೆದುಕೊಂಡು ಹೋಗಿ ಚಹಾ ಕುಡಿಸುತ್ತಿದ್ದ. ಹೊಡೆಸಿಕೊಂಡವರು ಚಹಾ ಕುಡಿದು ಮರೆಯುತ್ತಿದ್ದರು, ಇಲ್ಲವೇ ಮರೆತವರ ಹಾಗೆ ಇರುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆದು ಬಂದಿದ್ದರಿಂದ, ತನ್ನ ಸಿಟ್ಟಿಗೆ ಒಂದು ಕಪ್ ಚಹಾಕ್ಕಿಂತ ದೊಡ್ಡ ದಂಡ ಬೀಳಬಹುದೆಂದು ಅವನಿಗೆ ಅನಿಸಿರಲೇ ಇಲ್ಲ.

ಅವನ ಎದೆಯೊಳಗೆ ಮೆತ್ತನೆಯ ಜಾಗ ಇದ್ದದ್ದು ತಂಗಿ ದುರ್ಗಾಳಿಗೆ ಮಾತ್ರ. ಟ್ರ್ಯಾಕ್ಸಿನ ಹಣೆಯ ಮೇಲೆ ಅವಳದೇ ಹೆಸರು. ಬರೆದುಕೊಟ್ಟವನು ಅವರದೇ ಓಣಿಯ ಪೇಂಟರ್ ಶಟ್ಟೆಪ್ಪ. ತಂಗಿಯ ಹೆಸರು ಬರೆಯುವುದಕ್ಕೆ ಕೂಲಿ ತೆಗೆದುಕೊಳ್ಳುವುದಿಲ್ಲ ಎಂದು ಹಟ ಹಿಡಿದು, ಅಕ್ಷರದ ಸುತ್ತ ಎರಡು ಹೂವನ್ನೂ ಬಿಡಿಸಿದ್ದ. ಕಾಡಪ್ಪ ಅವನನ್ನು ಕಾಕಾ ಎಂದು ಕರೆಯುತ್ತಿದ್ದ.

ಪಿಯುಸಿ ಮುಗಿಸಿದ ದುರ್ಗಾ ಅರಗಿಣಿ ಸೆಂಟರಿನಲ್ಲಿ ಕಂಪ್ಯೂಟರ್ ಕಲಿತಳು. ಅರಗಿಣಿ ಸಾಫ್ಟ್‌ವೇರ್ ಹುಬ್ಬಳ್ಳಿಯ ಕಂಪನಿ. ಅಂಗಡಿಕಾರರಿಗೆ ಕನ್ನಡದಲ್ಲಿ ಬಿಲ್ಲು ಮಾಡುವ ಪ್ರೋಗ್ರಾಮು ಮಾರುತ್ತಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಊರುಗಳಲ್ಲಿ ಕಲಿಸುವ ಸೆಂಟರ್ ತೆರೆದಿತ್ತು. ಅದರ ಗುರುತು ಕೆಂಪು ಕೊಕ್ಕಿನ ಹಸಿರು ಗಿಳಿ. ನಾಲ್ಕೂ ಊರಿನ ಬೋರ್ಡು ಬರೆದವನು ಶಟ್ಟೆಪ್ಪನೇ. ಕಂಪನಿ ಕಳಿಸಿದ ಚಿತ್ರದಲ್ಲಿ ಗಿಳಿ ನೆಟ್ಟಗೆ ಮುಂದೆ ನೋಡುತ್ತಿತ್ತು. ಶಟ್ಟೆಪ್ಪನ ಗಿಳಿ ತುಸು ಕತ್ತು ಹೊರಳಿಸಿ, ಮೆಟ್ಟಿಲು ಹತ್ತಿ ಬರುವ ಹುಡುಗ ಹುಡುಗಿಯರನ್ನು ನೋಡುತ್ತಿತ್ತು. ಮಂದಿ ಆ ಸೆಂಟರಿಗೆ ಗಿಳಿ ಸಾಲಿ ಎಂದೇ ಹೆಸರಿಟ್ಟರು.

ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆಯಲ್ಲಿ ಕಂಪನಿಯ ತಲೆಗೆ ಏನು ಹೊಕ್ಕಿತೋ, ಗಿಳಿಯನ್ನು ಓಡಿಸಿತು. ಗಿಳಿ ಎಂದರೆ ಸಂತೆಯಲ್ಲಿ ಶಾಸ್ತ್ರ ಹೇಳುವವರ ನೆನಪಾಗುತ್ತದೆ, ಹೊಸ ಕಾಲಕ್ಕೆ ಹೊಸ ಗುರುತು ಬೇಕು ಎಂದು ಯಾರೋ ಶಾಣ್ಯಾ ಹೇಳಿದನಂತೆ. ಗಿಳಿಯ ಜಾಗದಲ್ಲಿ ಒಂದು ಕೆಂಪು ವರ್ತುಲ ಬಂದು ಕೂತಿತು. ಪರಿಪೂರ್ಣತೆಯ ಸಂಕೇತ ಎಂದು ಕಾಗದದಲ್ಲಿ ಬರೆದಿತ್ತು. ನಮ್ಮ ಕಡೆಯ ಮಂದಿ ಅದನ್ನು ನೋಡಿ ಅಂದದ್ದು ಒಂದೇ ಮಾತು: ಸೊನ್ನಿ.

ಮೊದಲು ತಲೆಕೆಟ್ಟದ್ದು ಅಂಗಡಿಕಾರರಿಗೆ. ಮುಂಜಾನೆ ಊದಿನಕಡ್ಡಿ ಬೆಳಗಿ ಕಂಪ್ಯೂಟರ್ ಚಾಲೂ ಮಾಡಿದರೆ ಪರದೆ ತುಂಬ ಕೆಂಪು ಸೊನ್ನೆ. ಬೋಣಿ ಆಗುವುದಕ್ಕೆ ಮೊದಲೇ ಸೊನ್ನೆಯ ದರ್ಶನ ಯಾವ ವ್ಯಾಪಾರಿಗೆ ಸಹನವಾದೀತು? ರಾಮದುರ್ಗದ ಒಬ್ಬ ಕಿರಾಣಿಯವನು ಪರದೆಗೆ ಟವೆಲ್ ಹೊಚ್ಚಿ, ಮೊದಲ ಗಿರಾಕಿ ಹೋದ ಮೇಲೇ ಅದನ್ನು ತೆಗೆಯುತ್ತಿದ್ದನಂತೆ. ಹುಬ್ಬಳ್ಳಿಗೆ ಫೋನಿನ ಮೇಲೆ ಫೋನು ಹೋದವು. ಕಂಪನಿಯವರು ಎಲ್ಲರಿಗೂ ಪರಿಪೂರ್ಣತೆಯ ಪಾಠ ಹೇಳಿದರು.

ದುರ್ಗಾ ಕಲಿತದ್ದು ಗಿಳಿಯ ಕಾಲದಲ್ಲಿ, ಸರ್ಟಿಫಿಕೇಟ್ ಕೈಗೆ ಬಂದದ್ದು ಸೊನ್ನೆಯ ಕಾಲದಲ್ಲಿ. ಮಾಸ್ತರು ಅಂಕ ಹಾಕುತ್ತಾರಲ್ಲ, ಬಲಗಡೆ ಮೇಲಿನ ಮೂಲೆ, ಸರಿಯಾಗಿ ಅಲ್ಲೇ ಕೆಂಪು ಬಣ್ಣದಲ್ಲಿ ಸೊನ್ನೆ ಅಚ್ಚಾಗಿತ್ತು. ಊರ ಹೊರಗಿನ ಹತ್ತಿ ಗಿರಣಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಕೇಳಲು ಹೋದಾಗ ಅಲ್ಲಿಯ ಗುಮಾಸ್ತ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ನೂರಕ್ಕ ಎಷ್ಟವಾ ಇದು? ಸೊನ್ನಿ ತಗೊಂಡವ್ರಿಗೂ ಸರ್ಟಿಫಿಕೇಟ್ ಕೊಡತಾರೇನು?"

ಗಿರಣಿಯ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಮಾಲೀಕ, "ಗಿಳಿ ಇದ್ದದ್ದು ತಗೊಂಡ ಬಾರವಾ. ಹದಿನೈದ ದಿನ ಕೆಲಸ ಹಿಡದ ಇಡತೇನಿ" ಎಂದು ಕಳಿಸಿಕೊಟ್ಟ. ದುರ್ಗಾ ಮನೆಗೆ ಬಂದು ಸರ್ಟಿಫಿಕೇಟನ್ನು ಹಿಟ್ಟಿನ ಡಬ್ಬಿಯ ಕೆಳಗೆ ತುರುಕಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಗುಮಾಸ್ತನ ಮಾತು ಸಂಜೆಯೊಳಗೆ ಬಸ್ ಸ್ಟ್ಯಾಂಡ್ ತಲುಪಿ ಕಾಡಪ್ಪನ ಕಿವಿಗೆ ಬಿತ್ತು.

ಮರುದಿನ ಅವನು ಸೆಂಟರಿಗೆ ನುಗ್ಗಿದ. ಕಲಿಸುವ ಮೇಡಂ ಮುಸ್ಕಾನ್ ಎದ್ದು ನಿಂತಳು.

"ಗಿಳಿ ಹಾಕಿದ ಸರ್ಟಿಫಿಕೇಟ್ ಬೇಕು. ಇವತ್ತ ಬೇಕು," ಅಂದ.

"ಅಣ್ಣಾರ, ಹುಬ್ಬಳ್ಳಿಗೆ ದಿನಾ ಬರ್ಯಾಕತ್ತೇನ್ರಿ. ನನಗೂ ಆ ಸೊನ್ನಿ ಸೇರಿಲ್ಲ. ಏಳೆಂಟ ದಿನ ತಡೀರಿ."

ಕಾಡಪ್ಪ ತಡೆಯುವ ಪೈಕಿ ಅಲ್ಲ. ಒಂದು ಕುರ್ಚಿಯನ್ನು ಒದ್ದು, ಬಾಗಿಲಿನ ಗಾಜನ್ನು ಮೊಳಕೈಯಿಂದ ಒಡೆದು ಹೊರಗೆ ಬಂದ. ಗಾಜಿನ ಚೂರು ಮೇಡಂ ಕೆನ್ನೆಗೆ ತಾಗಿ ರಕ್ತ ಬಂದದ್ದನ್ನು ಅವನು ಕಂಡ. ಕಂಡೂ ನಿಲ್ಲಲಿಲ್ಲ.

ಆ ವಾರ ಸೊನ್ನೆಯ ಸಿಟ್ಟಿನಲ್ಲಿ ನಾಲ್ಕೂ ಊರಿಗೆ ಬೆಂಕಿ ಹತ್ತಿತು. ಸವದತ್ತಿಯಲ್ಲಿ ಬೋರ್ಡಿಗೆ ಚಪ್ಪಲಿ ಹಾರ ಬಿತ್ತು. ರಾಮದುರ್ಗದಲ್ಲಿ ಕಲ್ಲು ತೂರಿ ಒಂದು ಕಿಟಕಿಯನ್ನೂ ಉಳಿಸಲಿಲ್ಲ. ಕಿತ್ತೂರಿನಲ್ಲಿ ಮಾಳಿಗೆ ಮೇಲಿಂದ ಮಾನಿಟರ್ ಬೀಸಿ ಒಗೆದರು; ಅದು ರಸ್ತೆಗೆ ಬಿದ್ದು ಸಿಡಿದು, ಕೆಳಗೆ ನಿಂತವನ ಹಣೆ ಹರಿದು ಹನ್ನೊಂದು ಹೊಲಿಗೆ ಬಿದ್ದವು. ಬೈಲಹೊಂಗಲ ಹಿಂದೆ ಬೀಳಬಾರದಲ್ಲ. ಸೋಮವಾರ ನಡು ಮಧ್ಯಾಹ್ನ ಕಾಡಪ್ಪ, ಅವನ ಜೊತೆಯ ಡ್ರೈವರ್ ಜುನೇದ್, ಅದೇ ಸೊನ್ನೆ ಹಿಡಿದು ಬೇರೆ ಕಡೆ ಕೆಲಸ ಕೇಳಿ ಬೈಸಿಕೊಂಡು ಬಂದಿದ್ದ ಆಕಾಶ, ಮೂವರೂ ಸೇರಿ ರಸ್ತೆ ಕೆಲಸದವರ ಡಾಂಬರನ್ನು ಬಕೀಟಿನಲ್ಲಿ ತಂದು ಬೋರ್ಡಿನ ಮೇಲೆ ಎರಚಿದರು. ಸೊನ್ನೆ ಮುಚ್ಚಿಹೋಯಿತು. ಮಂದಿ ಚಪ್ಪಾಳೆ ಹೊಡೆದರು. ಕಾಡಪ್ಪನಿಗೆ ಮೈ ಹಗುರಾಯಿತು. ಅಷ್ಟು ಸಂತೋಷ ಅವನಿಗೆ ಬಹಳ ದಿನದಿಂದ ಆಗಿರಲಿಲ್ಲ.

ಸಂಜೆ ಓಣಿಯಲ್ಲಿ ಶಟ್ಟೆಪ್ಪ ಎದುರಾದ. ಕಾಡಪ್ಪ ದಾರಿಗೆ ಅಡ್ಡ ನಿಂತ.

"ಕಾಕಾ, ಆ ಸೊನ್ನಿ ಮತ್ತ ಬರದಿ ಅಂದ್ರ ನಿನ್ನ ಕೈ ಉಳಿಯೂದಿಲ್ಲ. ಈಗ ಹೇಳೇನಿ."

"ನಾ ಪೇಂಟರ್ ಅದೇನಪಾ," ಅಂದ ಶಟ್ಟೆಪ್ಪ. "ಬರಿ ಅಂದ್ರ ಬರೀತೇನಿ, ಅಳಸು ಅಂದ್ರ ಅಳಸತೇನಿ. ಗಿಳಿ ಅಳಸೂವಾಗ ನನ್ನ ಹೊಟ್ಟ್ಯಾಗ ಏನಾತು ಅಂತ ನೀ ಕೇಳಿದೇನು?"

ಮನೆಯಲ್ಲಿ ದುರ್ಗಾ ಡಾಂಬರು ಮೆತ್ತಿದ ಅವನ ಅಂಗಿ ನೋಡಿ, "ಅಣ್ಣಾ, ನನ್ನ ಹೆಸರ ಮ್ಯಾಲೆ ಬಡದಾಡಬ್ಯಾಡ" ಅಂದಳು. ಆ ಮಾತೂ ಅವನ ತಲೆಗೆ ಹೋಗಲಿಲ್ಲ.

ಬುಧವಾರ ಮಧ್ಯಾಹ್ನ ಅವನು ನೇಸರಗಿಯಲ್ಲಿ ಮಂದಿ ತುಂಬಿಸಿಕೊಳ್ಳುತ್ತಿದ್ದ. ಬೈಲಹೊಂಗಲದಿಂದ ಬಸ್ಸಿಳಿದ ಒಬ್ಬ, "ನಿಮ್ಮ ಪೇಂಟರ್ ಮತ್ತ ನಿಚ್ಚಣಕಿ ಹಾಕ್ಯಾನ ನೋಡೋ ಕಾಡಾ. ಡಾಂಬರ ಒರಸಿ ಬೋರ್ಡ ಬರ್ಯಾಕತ್ತಾನ" ಅಂದ. ಕಾಡಪ್ಪ ಕೂತವರನ್ನು ಇಳಿಸಲಿಲ್ಲ, ಬರುವವರನ್ನು ಕಾಯಲಿಲ್ಲ. ಅರ್ಧ ತುಂಬಿದ ಗಾಡಿಯನ್ನೇ ತಿರುಗಿಸಿ, ಒಳಗಿನವರು ಬಾಯಿ ಬಾಯಿ ಬಡಿದುಕೊಂಡರೂ ಕೇಳದೆ ಓಡಿಸಿದ. ಬಸ್ ಸ್ಟ್ಯಾಂಡಿನಲ್ಲಿ ಜುನೇದ್, ಆಕಾಶ, ಇನ್ನೂ ಹತ್ತು ಹದಿನೈದು ಮಂದಿ ಅವನ ಬೆನ್ನು ಹತ್ತಿದರು.

ಶಟ್ಟೆಪ್ಪ ನಿಚ್ಚಣಿಕೆಯ ಮೇಲಿದ್ದ. ಅವನ ಬೆನ್ನು ರಸ್ತೆ ಕಡೆಗಿತ್ತು, ಗುರುತು ಬರೆಯುವ ಜಾಗ ಅವನ ಎದೆಗೆ ಮರೆಯಾಗಿತ್ತು. ಆಗ ತಾನೇ ಅವನು ಬ್ರಶ್ಶನ್ನು ಒಂದು ಡಬ್ಬಿಯಲ್ಲಿ ಅದ್ದಿ ಎತ್ತಿದ. ಕೆಂಪು ಬಣ್ಣ. ಒಂದು ಹನಿ ಮೆಟ್ಟಿಲ ಮೇಲೆ ಬಿತ್ತು.

ಕಾಡಪ್ಪ ಕೂಗಲೂ ಇಲ್ಲ, ಕೇಳಲೂ ಇಲ್ಲ. ಎರಡೂ ಕೈಯಿಂದ ನಿಚ್ಚಣಿಕೆಯ ಕಾಲು ಹಿಡಿದು ಜಗ್ಗಿದ.

ಶಟ್ಟೆಪ್ಪ ಕಲ್ಲಿನ ಮೆಟ್ಟಿಲ ಮೇಲೆ ಬೆನ್ನಡಿಯಾಗಿ ಬಿದ್ದ. ಡಬ್ಬಿಗಳು ಉರುಳಿದವು. ಮಂದಿ ಹೋ ಎಂದರು. ಬಿದ್ದರೂ ಅವನ ಬಲಗೈ ಬ್ರಶ್ ಬಿಟ್ಟಿರಲಿಲ್ಲ, ಆ ಕೆಂಪು ಬಣ್ಣ ನೋಡಿ ಕಾಡಪ್ಪನ ಕಣ್ಣು ಕತ್ತಲಾದವು. ಟೈರಿನ ಅಟ್ಟೆಯ ಚಪ್ಪಲಿ ಹಾಕಿದ ಕಾಲನ್ನು ಎತ್ತಿ ಆ ಮಣಿಕಟ್ಟಿನ ಮೇಲೆ ತುಳಿದ. ಒಮ್ಮೆ ಅಲ್ಲ, ಮೂರು ಸಲ. ಎರಡನೇ ಸಲಕ್ಕೆ ಒಳಗೆ ಏನೋ ಮುರಿದ ಸಪ್ಪಳ ಅವನ ಅಂಗಾಲಿಗೇ ಗೊತ್ತಾಯಿತು. ಆದರೂ ಮೂರನೇ ಸಲ ತುಳಿದ.

"ಲೇ ಕಾಡಾ," ಅಂದ ಶಟ್ಟೆಪ್ಪ ಹಲ್ಲು ಕಚ್ಚಿ. "ಮ್ಯಾಲ ನೋಡೋ."

ಕಾಡಪ್ಪ ಮೇಲೆ ನೋಡಿದ. ಬೋರ್ಡಿನ ಮೇಲೆ ಹಸಿರು ಗಿಳಿ ಇತ್ತು. ಕತ್ತು ಹೊರಳಿಸಿ ಮೆಟ್ಟಿಲು ನೋಡುತ್ತಿತ್ತು. ರೆಕ್ಕೆ ಇತ್ತು, ಕಣ್ಣಿತ್ತು, ಬಾಲ ಇತ್ತು. ಕೊಕ್ಕಿನ ಜಾಗ ಮಾತ್ರ ಬಿಳಿ.

ಕೆನ್ನೆಗೆ ಪಟ್ಟಿ ಹಚ್ಚಿಕೊಂಡಿದ್ದ ಮುಸ್ಕಾನ್ ಕಾಗದ ಹಿಡಿದು ಓಡಿ ಬಂದಳು. "ಮುಂಜಾನೆ ಫ್ಯಾಕ್ಸ್ ಬಂತ್ರಿ. ಕಂಪನಿಯವ್ರು ಸೋತ್ರು, ಗಿಳಿ ವಾಪಸ್ ಹಾಕ್ರಿ ಅಂದ್ರು. ನಾನ ಹೋಗಿ ಕಾಕಾನ್ನ ಕರ್ಕೊಂಡ ಬಂದೇನ್ರಿ." ಆಮೇಲೆ ಕೆಳಗೆ ಬಿದ್ದ ಕೈ ನೋಡಿದಳು.

ಮಂದಿ ಒಬ್ಬೊಬ್ಬರೇ ಕರಗಿದರು. ಕಾಡಪ್ಪ ಶಟ್ಟೆಪ್ಪನನ್ನು ಎತ್ತಿ ಟ್ರ್ಯಾಕ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಬೆಳಗಾವಿಗೆ ಓಡಿಸಿದ. ಜುನೇದ್ ಗಾಯಾಳುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ದಾರಿಯುದ್ದಕ್ಕೂ ಪ್ರತಿ ತಗ್ಗಿಗೂ ಹಿಂದಿನಿಂದ ನರಳುವ ಸಪ್ಪಳ ಬರುತ್ತಿತ್ತು. ಸೀಟಿನ ಮೇಲೆ ಹರಿದದ್ದರಲ್ಲಿ ರಕ್ತ ಎಷ್ಟು, ಬಣ್ಣ ಎಷ್ಟು ಎಂದು ಬೇರೆ ಮಾಡುವ ಹಾಗಿರಲಿಲ್ಲ.

ಆಸ್ಪತ್ರೆಗೆ ಹವಾಲ್ದಾರ ಬಂದು ಯಾರು ಮಾಡಿದರು ಎಂದು ಕೇಳಿದ. ಕಾಡಪ್ಪ ಬಾಗಿಲಲ್ಲೇ ನಿಂತಿದ್ದ. ಶಟ್ಟೆಪ್ಪ ಅವನ ಮುಖವನ್ನೇ ನೋಡುತ್ತ, "ಕಾಲ ಜಾರಿತ್ರಿ ಸಾಹೇಬ್ರ" ಅಂದ. ತನ್ನ ಹೆಸರು ಹೇಳಿದ್ದರೆ ಎಷ್ಟೋ ಚಲೋ ಆಗುತ್ತಿತ್ತು ಎಂದು ಕಾಡಪ್ಪನಿಗೆ ಅನಿಸಿತು. ಹವಾಲ್ದಾರ ಹೋದ ಮೇಲೆ ಅವನು ಮಂಚದ ಹತ್ತಿರ ಹೋದ.

"ಯಾಕ ಹೇಳಲಿಲ್ಲ ಕಾಕಾ?"

"ನಿನ್ನ ಒಳಗ ಹಾಕಿದ್ರ ನನ್ನ ಕೈ ತಿರಗತೈತೇನು?"

ಕೈ ತಿರುಗಲಿಲ್ಲ. ಎರಡೂವರೆ ತಿಂಗಳಿಗೆ ಪ್ಲಾಸ್ಟರ್ ಬಿಚ್ಚಿದಾಗ ಬೆರಳು ಅಲ್ಲಾಡುತ್ತಿದ್ದವು, ಮಣಿಕಟ್ಟು ಮರದ ತುಂಡಾಗಿತ್ತು. ಕಾಡಪ್ಪ ಅಷ್ಟು ದಿನವೂ ಅವನ ಮನೆಗೆ ನೀರು ಹೊತ್ತ, ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದು ತಂದ. ಯಾವ ಚಹಾದಿಂದಲೂ ಇದು ಮುಗಿಯುವುದಿಲ್ಲ ಎಂದು ಅವನಿಗೆ ತಿಳಿದಿತ್ತು.

ದುರ್ಗಾಳಿಗೆ ಗಿಳಿಯ ಸರ್ಟಿಫಿಕೇಟ್ ಹದಿನೈದು ದಿನದೊಳಗೇ ಬಂತು. ಗಿರಣಿಯಲ್ಲಿ ಕೆಲಸವೂ ಸಿಕ್ಕಿತು. ಮೊದಲ ದಿನ ಕಾಡಪ್ಪ ಸೀಟನ್ನು ಮೂರು ಸಲ ತೊಳೆದು, ಹೊಸ ಕವರ್ ಹಾಕಿಸಿ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಅವಳು ಚಪ್ಪಲಿ ಮೆಟ್ಟಿಕೊಂಡು ಗಾಡಿಯ ಪಕ್ಕಕ್ಕೆ ಬಂದಳು, ಹತ್ತಲಿಲ್ಲ.

"ಆ ಸೀಟಿನ ಮ್ಯಾಲೆ ನಾ ಕುಂದರಾಂಗಿಲ್ಲ ಅಣ್ಣಾ. ನನ್ನ ಹೆಸರನ್ನೂ ಅಳಸಿ ಬಿಡು."

ಅಳಿಸುವುದಕ್ಕೆ ಊರಲ್ಲಿ ಶಟ್ಟೆಪ್ಪನ ಹೊರತು ಯಾರನ್ನು ಕೇಳಬೇಕು? ಹೆಸರು ಹಾಗೇ ಉಳಿಯಿತು. ಬೋರ್ಡಿನ ಗಿಳಿಯೂ ಹಾಗೇ ಉಳಿಯಿತು. ಸಂಪಗಾಂವದಿಂದ ಬೇರೆ ಪೇಂಟರ್ ಬಂದು ನೋಡಿ, ಇದು ಶಟ್ಟೆಪ್ಪನ ಗಿಳಿ, ನಾನು ಮುಟ್ಟುವುದಿಲ್ಲ ಎಂದು ಹೋದ. ಕಾಡಪ್ಪ ಆ ರಸ್ತೆ ಬಿಟ್ಟು ಸುತ್ತು ಹಾಕಿ ಗಾಡಿ ಹೊಡೆಯತೊಡಗಿದ.

ಪ್ಲಾಸ್ಟರ್ ಬಿಚ್ಚಿದ ವಾರಕ್ಕೆ ಶಟ್ಟೆಪ್ಪನೇ ಅವನ ಮನೆಯ ಮುಂದೆ ನಿಂತ. ಹೆಗಲ ಮೇಲೆ ನಿಚ್ಚಣಿಕೆ, ಎಡಗೈಯಲ್ಲಿ ಕೆಂಪು ಬಣ್ಣದ ಡಬ್ಬಿ.

"ನಡಿ," ಅಂದ.

ಸೆಂಟರಿನ ಮುಂದೆ ನಿಚ್ಚಣಿಕೆ ಆನಿಸಿ, ಬ್ರಶ್ಶನ್ನೂ ಡಬ್ಬಿಯನ್ನೂ ಕಾಡಪ್ಪನ ಕೈಗೆ ಕೊಟ್ಟ. "ಹತ್ತು. ಕೊಕ್ಕ ಬರಿ."

"ನನಗ ಬರೂದಿಲ್ಲ ಕಾಕಾ."

"ಮುರ್ಯಾಕ ಬಂತಲ್ಲ. ಹತ್ತು. ನಿಚ್ಚಣಕಿ ನಾ ಹಿಡದೇನಿ."

ಕಾಡಪ್ಪ ಹತ್ತಿದ. ಗಿಳಿಯ ಕಣ್ಣು ಅವನ ಕಣ್ಣಿನ ಎದುರಿಗೇ ಬಂತು. ಬ್ರಶ್ ಅದ್ದಿ ಎತ್ತಿದ್ದನಷ್ಟೇ, ನಿಚ್ಚಣಿಕೆ ಜೋರಾಗಿ ಅಲುಗಿತು. ಅವನ ಒಂದು ಕಾಲು ಜಾರಿತು, ಡಬ್ಬಿ ಕೈತಪ್ಪಿ ಕೆಳಗೆ ಬಿದ್ದು ಮೆಟ್ಟಿಲ ತುಂಬ ಕೆಂಪಾಯಿತು. ಅವನು ಎರಡೂ ಕೈಯಿಂದ ಬೋರ್ಡು ಅಪ್ಪಿಕೊಂಡ. ಅಷ್ಟು ಭಯ ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಕೆಳಗೆ ಶಟ್ಟೆಪ್ಪ ಸಾವಕಾಶವಾಗಿ ಹೇಳಿದ: "ನನಗ ಹಿಂಗ ಆಗಿತ್ತು. ನೀ ಅವತ್ತ ಕೆಳಗ ಇದ್ದಿ, ನಿನಗ ಗೊತ್ತಾಗಿರಲಿಲ್ಲ. ಇನ್ನ ಅಲಗಸೂದಿಲ್ಲ. ಬ್ರಶ್ಶಿನ್ಯಾಗ ಇದ್ದ ಬಣ್ಣ ಸಾಕು, ಬರಿ."

ನಂಬಬೇಕೋ ಬಿಡಬೇಕೋ ಕಾಡಪ್ಪನಿಗೆ ತಿಳಿಯಲಿಲ್ಲ. ಒಂದು ಕೈಯಿಂದ ಬೋರ್ಡು ಹಿಡಿದೇ ಬಿಳಿ ಜಾಗಕ್ಕೆ ಬಣ್ಣ ತುಂಬಿದ. ಕೊಕ್ಕು ಒಂದು ಕಡೆಗೆ ವಾಲಿ, ಕೊನೆಯಲ್ಲಿ ಹನಿ ಇಳಿಯಿತು.

"ಸೊಟ್ಟ ಆತು ಕಾಕಾ," ಅಂದ.

"ಇರಲಿ. ಯಾರ ಬರದಾರ ಅಂತ ಮಂದಿಗೆ ಗೊತ್ತಾಗಲಿ."

ಕಾಡಪ್ಪ ಒಂದೊಂದೇ ಮೆಟ್ಟಿಲು ಇಳಿದು ನೆಲಕ್ಕೆ ಕಾಲಿಡುವವರೆಗೂ ಶಟ್ಟೆಪ್ಪನ ಎಡಗೈ ನಿಚ್ಚಣಿಕೆಯನ್ನು ಬಿಡಲಿಲ್ಲ.