ಸೊಟ್ಟ ಹೊಲಿಗೆ

ಎಲ್ಲರೂ ಟೈಲರಮ್ಮ ಎಂದೇ ಕರೆಯುವ ಆಕೆ ನಮ್ಮ ತುರ್ತು ವಿಭಾಗಕ್ಕೆ ನಡೆದುಕೊಂಡೇ ಬಂದರು. ಹಿಂದಿನ ದಿನ ತಲೆನೋವು ಬಂದು ವಾಂತಿಯೂ ಆಗಿತ್ತಂತೆ. ನಾವು ಕೊಟ್ಟ ಇಂಜೆಕ್ಷನ್‌ಗೆ ನೋವು ಅರ್ಧ ಇಳಿದದ್ದೇ ತಡ, ಚಪ್ಪಲಿ ಹುಡುಕತೊಡಗಿದರು.

“ನೋವು ಶುರುವಾದಾಗ ಏನು ಮಾಡ್ತಿದ್ರಿ?” ಎಂದೆ. ತಲೆನೋವು ಎಂದು ಬಂದವರನ್ನೆಲ್ಲ ನಾನು ಮೊದಲು ಕೇಳುವುದು ಇದನ್ನೇ. ಮಾಮೂಲಿ ನೋವಿನವರು ತಡವರಿಸುತ್ತಾರೆ. ಮಿದುಳಿನ ರಕ್ತನಾಳ ಉಬ್ಬಿ ಒಡೆದವರು ಸಾಮಾನ್ಯವಾಗಿ ಆ ಗಳಿಗೆಯನ್ನು ಮರೆಯುವುದಿಲ್ಲ.

“ಏನೂ ಇಲ್ಲ. ನಿಧಾನಕ್ಕೆ ಬಂತು,” ಎಂದು ಅವರು ಗೋಡೆ ನೋಡಿದರು.

ಪಕ್ಕದಲ್ಲಿದ್ದ ಗಂಡನಿಗೆ ನಗು ತಡೆಯಲಾಗಲಿಲ್ಲ. “ಸೊಟ್ಟ ಹೊಲಿಗೆ ವಿಷ್ಯ ಹೇಳೇ. ಅಂಗಿ ತೋಳು ಹೊಲೀತಿದ್ಲು ಡಾಕ್ಟ್ರೇ. ಇದ್ದಕ್ಕಿದ್ದ ಹಾಗೆ ಅಯ್ಯೋ ಅಂತ ತಲೆ ಹಿಡ್ಕೊಂಡ್ಲು, ಹೊಲಿಗೆ ಕಂಕುಳು ಬಿಟ್ಟು ಎದೆಗೆ ಓಡ್ತು. ಊರಿಗೆಲ್ಲ ಹೊಲಿಗೆ ಹೇಳ್ಕೊಡೋ ಕೈ ನೋಡಿ ಇದು.”

“ಸುಮ್ನಿರಿ. ನನ್ನ ಕೈಯಲ್ಲಿ ಹೊಲಿಗೆ ಸೊಟ್ಟ ಹೋಯ್ತು ಅಂತ ಎಲ್ರಿಗೂ ಡಂಗುರ ಸಾರ್ಬೇಕಾ?”

‘ಇದ್ದಕ್ಕಿದ್ದ ಹಾಗೆ’ ಎಂಬ ಮಾತೇ ನನಗೆ ಸಾಕಿತ್ತು. ಕೂಡಲೇ ತಲೆಯ ಸ್ಕ್ಯಾನ್ ಮಾಡಿಸಿದೆ. ಅದರಲ್ಲಿ ಏನೂ ಕಾಣಲಿಲ್ಲ. ಗಂಡಹೆಂಡತಿ ಹೊರಟೇಬಿಟ್ಟರು. ನಾನು ಬಾಗಿಲಿಗೆ ಅಡ್ಡ ನಿಂತೆ. ನನ್ನ ಸಿಡುಕು ಆಸ್ಪತ್ರೆಗೆಲ್ಲ ಗೊತ್ತು, ಆದರೆ ಅಂದು ಇದ್ದದ್ದು ಸಿಡುಕಲ್ಲ, ಭಯ. ಒಡೆದ ನಾಳ ಮನೆಯಲ್ಲಿ ಇನ್ನೊಮ್ಮೆ ಒಡೆದರೆ ಬದುಕುವವರು ಕಡಿಮೆ. ಉಡದ ಪಟ್ಟು ಹಿಡಿದೆ.

“ದಿನ ಕಳೆದ್ರೆ ಸೋರಿದ ಸ್ವಲ್ಪ ರಕ್ತ ಸ್ಕ್ಯಾನಲ್ಲಿ ಕಾಣ್ದೇ ಇರ್ಬಹುದು. ಮಿದುಳಿನ ಸುತ್ತ ಇರೋ ನೀರೇ ಬೆನ್ನಿಗೂ ಇಳಿಯುತ್ತೆ, ಬೆನ್ನಿಂದ ಅದನ್ನ ತೆಗೆದು ನೋಡ್ಬೇಕು.”

“ಸ್ಕ್ಯಾನೇ ಸರಿ ಇದೆ ಅಂದ್ಮೇಲೆ ಬೆನ್ನಿಗ್ಯಾಕೆ ಸೂಜಿ?” ಎಂದರು ಟೈಲರಮ್ಮ.

“ಮೇಲ್ಗಡೆ ಚೆನ್ನಾಗಿ ಕಂಡ್ರೆ ಬಟ್ಟೆ ಗಿರಾಕಿಗೆ ಕೊಟ್ಬಿಡ್ತೀರಾ?”

“ಒಳಗಡೆ ತಿರುಗಿಸಿ ನೋಡ್ದೆ ಹೇಗೆ ಕೊಡ್ಲಿ?” ಎಂದರು. ಹಾಗೆಂದವರೇ ಚಪ್ಪಲಿ ಬಿಟ್ಟು ಮಂಚ ಹತ್ತಿದರು. “ಸೂಜಿ ನೆಟ್ಟಗೆ ಹಾಕಿ ಮತ್ತೆ.”

ಬಂದ ನೀರು ತಿಳಿಯಾಗಿರಲಿಲ್ಲ, ಹಳದಿಗೆ ತಿರುಗಿತ್ತು. ಒಳಗೆ ರಕ್ತ ಸೋರಿ ಹಳತಾದ ಗುರುತು ಅದು. ನಾಳಗಳನ್ನೇ ತೋರಿಸುವ ಇನ್ನೊಂದು ಸ್ಕ್ಯಾನಿನಲ್ಲಿ ಕಡಲೆಕಾಳಿನಷ್ಟು ಉಬ್ಬು ಸಿಕ್ಕಿತು. ಗಂಡ ಗೋಡೆಗೆ ಒರಗಿ ಅತ್ತುಬಿಟ್ಟರು. ಅಂದೇ ಸರ್ಜನ್ ತಲೆ ತೆರೆದು, ಮತ್ತೆ ಒಡೆಯದಂತೆ ಆ ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕಿದರು.

ಮುಂದೆ ತಪಾಸಣೆಗೆ ಬಂದ ಟೈಲರಮ್ಮ ಚೀಲದಿಂದ ಆ ಅಂಗಿ ತೆಗೆದು ನನ್ನ ಮೇಜಿನ ಮೇಲೆ ಹರಡಿದರು. ಹೊಲಿಗೆ ಹಾದಿ ತಪ್ಪಿ ಎದೆಯವರೆಗೂ ಓಡಿತ್ತು.

“ಬಿಚ್ಚಿಲ್ಲ. ಗಿರಾಕಿಗೆ ಬೇರೆ ಹೊಲಿದು ಕೊಟ್ಟೆ,” ಎಂದರು. “ಇದನ್ನ ಅಂಗಡಿ ಬಾಗಿಲಿಗೇ ನೇತು ಹಾಕ್ತೀನಿ. ಯಾರು ಬೇಕಾದ್ರೂ ನೋಡ್ಲಿ.”